ಜ್ಯಾಂಗೊ: ಒಂದೇ ದಿನದ ಸಾಲುಗಳಿಗೆಲ್ಲ ಒಂದೇ ಶಿಲ್ಕು ಬರುತ್ತಿದೆ, ವರ್ಷದ ಫಿಲ್ಟರ್ ಹಾಕಿದರೆ ಸೊನ್ನೆಯಿಂದ ಶುರುವಾಗುತ್ತಿದೆ

ಉದ್ರಿ_ಖಾತೆ:

ಎಲ್ಲರಿಗೂ ನಮಸ್ಕಾರ. ಮನೆಯವರ ಗೊಬ್ಬರದ ಅಂಗಡಿಗೆ ಉದ್ರಿ ಲೆಕ್ಕ ಇಡುವ ಒಂದು ಸಣ್ಣ ವೆಬ್ ಆ್ಯಪ್ ಮಾಡುತ್ತಿದ್ದೇನೆ. ಜ್ಯಾಂಗೊ 4.2 (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್). ಡೇಟಾಬೇಸ್ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್.

ವಹಿವಾಟು ಅಂತ ಒಂದು ಟೇಬಲ್ ಇದೆ. ಅದರಲ್ಲಿ ಗ್ರಾಹಕ, ತಾರೀಕು, ವಿವರ, ಬಗೆ, ಮೊತ್ತ ಇಷ್ಟೇ ಕಾಲಂಗಳು. ಬಗೆ ಅಂದರೆ ಉದ್ರಿ ಅಥವಾ ಜಮಾ. ಗ್ರಾಹಕರ ಪುಟ ತೆರೆದರೆ ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಬಾಕಿ ಕಾಣಬೇಕು. ಕೈಬರಹದ ಖಾತೆ ಪುಸ್ತಕದಲ್ಲಿ ಶಿಲ್ಕು ಕಾಲಂ ಇರುತ್ತದಲ್ಲ, ಅದೇ.

ಮೊದಲು ಪೈಥಾನ್ ಲೂಪ್‌ನಲ್ಲಿ ಕೂಡಿಸುತ್ತಿದ್ದೆ. ಪುಟಕ್ಕೆ 25 ಸಾಲು ಅಂತ ಪೇಜಿನೇಶನ್ ಹಾಕಿದ ಮೇಲೆ ಎರಡನೇ ಪುಟದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು. ಹಾಗಾಗಿ ಡೇಟಾಬೇಸ್‌ನಲ್ಲೇ ಮಾಡೋಣ ಅಂತ ವಿಂಡೋ ಫಂಕ್ಷನ್‌ಗೆ (ಪ್ರತಿ ಸಾಲಿನ ಪಕ್ಕದಲ್ಲೇ ಅದರ ಜೊತೆಯ ಸಾಲುಗಳ ಲೆಕ್ಕ ಕೊಡುವುದು) ಬಂದೆ. ಈಗ ಎರಡು ತೊಂದರೆ. ಒಬ್ಬ ಗ್ರಾಹಕರ ಸಾಲುಗಳು ಇವು:

ಐಡಿ 41 | 28-03-2025 | ಬೇವಿನ ಹಿಂಡಿ | ಉದ್ರಿ 1,800
ಐಡಿ 58 | 06-06-2025 | ಡಿಎಪಿ 2 ಚೀಲ | ಉದ್ರಿ 2,700
ಐಡಿ 59 | 06-06-2025 | ಯೂರಿಯಾ 4 ಚೀಲ | ಉದ್ರಿ 1,066
ಐಡಿ 60 | 06-06-2025 | ನಗದು | ಜಮಾ 2,000
ಐಡಿ 73 | 19-07-2025 | ಯೂರಿಯಾ 2 ಚೀಲ | ಉದ್ರಿ 533

ಬರಬೇಕಾದ ಶಿಲ್ಕು ಕ್ರಮವಾಗಿ 1,800, 4,500, 5,566, 3,566, 4,099. ಆದರೆ ಜೂನ್ 6ರ ಮೂರೂ ಸಾಲಿಗೆ 3,566 ಅಂತಲೇ ಬರುತ್ತಿದೆ. ಕೊನೆಯ ಸಾಲು ಮಾತ್ರ ಸರಿಯಾಗಿ 4,099.

ಎರಡನೇದು, ಏಪ್ರಿಲ್ 1ರಿಂದ ಈಚೆಗೆ ತೋರಿಸು ಅಂತ ಫಿಲ್ಟರ್ ಹಾಕಿದರೆ ಕೊನೆಗೆ 2,299 ಬರುತ್ತದೆ. ಮಾರ್ಚ್‌ನ 1,800 ಮಾಯ. ಗ್ರಾಹಕರ ಎದುರಿಗೆ ಈ ಪುಟ ತೆರೆದಿಟ್ಟು ಇಷ್ಟು ಬಾಕಿ ಅಂತ ಹೇಳಬೇಕು. ಹಾಗಾಗಿ ಅಂದಾಜಿನ ಲೆಕ್ಕ ನಡೆಯೋದಿಲ್ಲ. ಎಲ್ಲಿ ನೋಡಬೇಕು, ಹೇಳ್ತೀರಾ?

ಮಲ್ನಾಡ್_ಡೆವ್:

ಶಿಲ್ಕು ಕಾಲಂ ಸೇರಿಸಲು ಬರೆದ ಆ್ಯನೊಟೇಟ್ ಸಾಲನ್ನು ಇಲ್ಲಿ ಹಾಕಿ. ಅದಕ್ಕಿಂತ ಮುಖ್ಯವಾಗಿ ಕ್ವೆರಿಸೆಟ್ ಡಾಟ್ ಕ್ವೆರಿ ಪ್ರಿಂಟ್ ಮಾಡಿ, ಡೇಟಾಬೇಸ್‌ಗೆ ಯಾವ ಎಸ್‌ಕ್ಯೂಎಲ್ ಹೋಗುತ್ತಿದೆ ನೋಡಿ. ಇಂಥ ತೊಂದರೆಯಲ್ಲಿ ಪೈಥಾನ್ ಕೋಡ್ ದಿಟ್ಟಿಸಿ ಕೂತರೆ ಏನೂ ಗೊತ್ತಾಗಲ್ಲ.

ಉದ್ರಿ_ಖಾತೆ:

ಫೋನಿನಿಂದ ಬರೆಯುತ್ತಿದ್ದೇನೆ ಸರ್, ಹಾಗಾಗಿ ಓದುವ ರೀತಿಯಲ್ಲೇ ಹಾಕುತ್ತೇನೆ.

ಸಹಿತ_ಮೊತ್ತ = ಕೇಸ್(ವೆನ್(ಬಗೆ = ಜಮಾ, ದೆನ್ = ಮೈನಸ್ ಮೊತ್ತ), ಡಿಫಾಲ್ಟ್ = ಮೊತ್ತ)
ಶಿಲ್ಕು = ವಿಂಡೋ(ಸಮ್(ಸಹಿತ_ಮೊತ್ತ), ಪಾರ್ಟಿಶನ್ ಬೈ = ಗ್ರಾಹಕ, ಆರ್ಡರ್ ಬೈ = ತಾರೀಕು)

ಪ್ರಿಂಟ್ ಮಾಡಿದರೆ ಬಂದದ್ದು: ಸೆಲೆಕ್ಟ್ ... ಸಮ್(ಕೇಸ್ ...) ಓವರ್ (ಪಾರ್ಟಿಶನ್ ಬೈ ಗ್ರಾಹಕ ಆರ್ಡರ್ ಬೈ ತಾರೀಕು). ಫಿಲ್ಟರ್ ಹಾಕಿದಾಗ ಇದರ ಕೆಳಗೆ ವೇರ್ ತಾರೀಕು >= 2025-04-01 ಸೇರಿಕೊಳ್ಳುತ್ತದೆ. ನನ್ನ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತಿದೆ.

ಹೊಳೆದಂಡೆ:

ಎರಡೂ ತೊಂದರೆಗೆ ಕಾರಣ ನೀವು ಪ್ರಿಂಟ್ ಮಾಡಿದ ಆ ಎಸ್‌ಕ್ಯೂಎಲ್‌ನಲ್ಲೇ ಇದೆ. ಮೊದಲನೆಯದನ್ನು ಪೂರ್ತಿ ಮುಗಿಸೋಣ.

ವಿಂಡೋ ಒಳಗೆ ಆರ್ಡರ್ ಬೈ ಕೊಟ್ಟು ಫ್ರೇಮ್ (ಯಾವ ಸಾಲಿನಿಂದ ಯಾವ ಸಾಲಿನವರೆಗೆ ಕೂಡಿಸಬೇಕು ಅನ್ನುವುದು) ಕೊಡದೇ ಬಿಟ್ಟರೆ ಡೇಟಾಬೇಸ್ ತಾನೇ ಒಂದು ಫ್ರೇಮ್ ಹಿಡಿದುಕೊಳ್ಳುತ್ತದೆ. ಅದು ರೇಂಜ್ ಬಗೆಯದು: ಶುರುವಿನಿಂದ ಈಗಿನ ಸಾಲಿನವರೆಗೆ. ಇದು ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲೇ ಇರುವ ನಿಯಮ, ಜ್ಯಾಂಗೊ ಮಾಡಿದ್ದಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್ ಮೂರರಲ್ಲೂ ಹೀಗೇ ನಡೆಯುತ್ತದೆ.

ರೇಂಜ್‌ನಲ್ಲಿ 'ಈಗಿನ ಸಾಲು' ಅಂದರೆ ಆ ಒಂದು ಸಾಲು ಮಾತ್ರ ಅಲ್ಲ. ಆರ್ಡರ್ ಬೈ ಕಾಲಂನಲ್ಲಿ ಅದೇ ಮೌಲ್ಯ ಇರುವ ಎಲ್ಲ ಸಾಲುಗಳೂ ಸೇರುತ್ತವೆ. ನಿಮ್ಮ ಆರ್ಡರ್ ಬೈ ತಾರೀಕು ಒಂದೇ. 58, 59, 60 ಮೂರಕ್ಕೂ ಜೂನ್ 6. ಡೇಟಾಬೇಸ್ ಕಣ್ಣಿಗೆ ಅವು ಮೂರೂ ಒಂದೇ ಜಾಗದಲ್ಲಿ ನಿಂತಿವೆ. 58ಕ್ಕೆ ಲೆಕ್ಕ ಹಾಕುವಾಗ 59, 60 ಕೂಡ ಬಂದುಬಿಡುತ್ತವೆ. 1,800 + 2,700 + 1,066 − 2,000 = 3,566. ಮೂರೂ ಸಾಲಿಗೆ ಅದೇ ಉತ್ತರ. ಜುಲೈ 19ಕ್ಕೆ ಒಂದೇ ಸಾಲು ಇರುವುದರಿಂದ ಅಲ್ಲಿ ಸರಿ ಬಂತು.

ಈ ತೊಂದರೆ ಬೇಗ ಕಣ್ಣಿಗೆ ಬೀಳಲ್ಲ, ಅದೇ ಕಷ್ಟ. ದಿನಕ್ಕೊಂದೇ ಸಾಲು ಇರುವ ಪರೀಕ್ಷೆ ಡೇಟಾದಲ್ಲಿ ಎಲ್ಲ ಚೆಂದವಾಗಿ ಬರುತ್ತದೆ. ಅಂಗಡಿಯ ನಿಜವಾದ ಬಿಲ್ಲುಗಳು ಬಂದಾಗಲೇ ಗೊತ್ತಾಗೋದು.

ಪರಿಹಾರ ಹೀಗೆ:

ಶಿಲ್ಕು = ವಿಂಡೋ(ಸಮ್(ಸಹಿತ_ಮೊತ್ತ), ಪಾರ್ಟಿಶನ್ ಬೈ = ಗ್ರಾಹಕ, ಆರ್ಡರ್ ಬೈ = [ತಾರೀಕು, ಐಡಿ], ಫ್ರೇಮ್ = ರೋರೇಂಜ್(ಸ್ಟಾರ್ಟ್ = ನನ್, ಎಂಡ್ = 0))

ರೋರೇಂಜ್ ಅಂದರೆ ಕಾಲಂನ ಮೌಲ್ಯ ನೋಡಬೇಡ, ಸಾಲು ಎಣಿಸು ಅಂತ. ಸ್ಟಾರ್ಟ್ ನನ್ ಅಂದರೆ ಮೊಟ್ಟಮೊದಲ ಸಾಲಿನಿಂದ, ಎಂಡ್ ಸೊನ್ನೆ ಅಂದರೆ ಈ ಸಾಲಿನವರೆಗೆ.

ಇಲ್ಲೊಂದು ಎಚ್ಚರಿಕೆ. ಕೆಲವರು ರೋರೇಂಜ್ ಮಾತ್ರ ಹಾಕಿ ಐಡಿ ಬಿಟ್ಟುಬಿಡುತ್ತಾರೆ. ಆಗ ಮೂರು ಸಾಲಿಗೆ ಮೂರು ಬೇರೆ ಬೇರೆ ಶಿಲ್ಕು ಬರುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಆದರೆ ಆ ಮೂರರಲ್ಲಿ ಯಾವುದು ಮೊದಲು ಅನ್ನುವುದನ್ನು ನೀವು ಹೇಳಿಲ್ಲ. ಡೇಟಾಬೇಸ್ ಇವತ್ತು ಒಂದು ಕ್ರಮ ಹಿಡಿಯಬಹುದು, ಇಂಡೆಕ್ಸ್ ಬದಲಾದ ಮೇಲೆ ಇನ್ನೊಂದು. ಇವತ್ತು 4,500 ತೋರಿಸಿದ ಸಾಲು ನಾಳೆ ಬೇರೆ ಸಂಖ್ಯೆ ತೋರಿಸಿದರೆ ಗ್ರಾಹಕರು ಸುಮ್ನೆ ಇರ್ತಾರಾ? ಐಡಿ ಸೇರಿಸಿದರೆ ಯಾವ ಎರಡು ಸಾಲಿಗೂ ಒಂದೇ ಜಾಗ ಬರಲ್ಲ. ನಿಜ ಹೇಳಬೇಕೆಂದರೆ ಐಡಿ ಇದ್ದರೆ ಡಿಫಾಲ್ಟ್ ರೇಂಜ್‌ನಲ್ಲೂ ಉತ್ತರ ಸರಿಯೇ ಬರುತ್ತದೆ. ಆದರೂ ಎರಡನ್ನೂ ಬರೆಯಿರಿ. ಮುಂದೆ ಈ ಕೋಡ್ ಓದುವವರಿಗೆ ನಿಮ್ಮ ಉದ್ದೇಶ ತಿಳಿಯುತ್ತದೆ.

ಪೇಜಿನೇಶನ್ ಚಿಂತೆ ಬೇಡ. ಡೇಟಾಬೇಸ್ ಮೊದಲು ವಿಂಡೋ ಲೆಕ್ಕ ಮುಗಿಸಿ ಆಮೇಲೆ ಲಿಮಿಟ್ (ಎಷ್ಟು ಸಾಲು ಅನ್ನುವ ಮಿತಿ) ಹಾಕುತ್ತದೆ. ಎರಡನೇ ಪುಟದಲ್ಲೂ ಶಿಲ್ಕು ಮುಂದುವರಿದೇ ಬರುತ್ತದೆ.

ಉದ್ರಿ_ಖಾತೆ:

ಬಂತು ಸರ್! 4,500, 5,566, 3,566. ತುಂಬಾ ಥ್ಯಾಂಕ್ಸ್. ಒಂದು ಸಣ್ಣ ಪ್ರಶ್ನೆ. ಹೊಸ ವಹಿವಾಟು ಮೇಲೆ ಕಾಣಬೇಕು, ಹಳೆಯದು ಕೆಳಗೆ. ವಿಂಡೋ ಒಳಗಿನ ಕ್ರಮ ತಿರುಗಿಸಬೇಕಾ?

ಹೊಳೆದಂಡೆ:

ಬೇಡ. ಒಳಗಿನ ಆರ್ಡರ್ ಬೈ ಇರೋದು ಕೂಡಿಸೋಕೆ, ಕ್ವೆರಿಸೆಟ್‌ನ ಆರ್ಡರ್ ಬೈ ಇರೋದು ತೋರಿಸೋಕೆ. ಒಳಗೆ ಹಾಗೇ ಬಿಡಿ, ಹೊರಗೆ ಮೈನಸ್ ತಾರೀಕು, ಮೈನಸ್ ಐಡಿ ಕೊಡಿ. ಒಳಗಿನದನ್ನು ತಿರುಗಿಸಿದರೆ ಲೆಕ್ಕ ಹೊಸ ಸಾಲಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ, ಪೂರ್ತಿ ಅಧ್ವಾನ.

ಈಗ ವರ್ಷದ ಫಿಲ್ಟರ್.

ಡೇಟಾಬೇಸ್ ಕ್ವೆರಿಯನ್ನು ನಾವು ಬರೆದ ಕ್ರಮದಲ್ಲಿ ನಡೆಸುವುದಿಲ್ಲ. ಮೊದಲು ವೇರ್ (ಸಾಲು ಸೋಸುವುದು), ಆಮೇಲೆ ಗ್ರೂಪ್ ಬೈ ಮತ್ತು ಹ್ಯಾವಿಂಗ್, ಆಮೇಲೆ ವಿಂಡೋ, ಆಮೇಲೆ ಡಿಸ್ಟಿಂಕ್ಟ್ (ಪೂರ್ತಿ ಒಂದೇ ಇರುವ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸುವುದು), ಕೊನೆಗೆ ಆರ್ಡರ್ ಬೈ ಮತ್ತು ಲಿಮಿಟ್. ನಿಮ್ಮ ತಾರೀಕಿನ ಫಿಲ್ಟರ್ ವೇರ್ ಆಗಿ ಹೋಗುತ್ತದೆ. ವಿಂಡೋ ಲೆಕ್ಕ ಶುರುವಾಗುವ ಹೊತ್ತಿಗೆ ಮಾರ್ಚ್ 28ರ ಸಾಲು ಅಲ್ಲಿ ಇಲ್ಲವೇ ಇಲ್ಲ. ಇಲ್ಲದ ಸಾಲನ್ನು ಅದು ಎಲ್ಲಿಂದ ಕೂಡಿಸಬೇಕು? ಆ್ಯನೊಟೇಟ್ ಮೊದಲು ಬರೆದು ಫಿಲ್ಟರ್ ಆಮೇಲೆ ಬರೆದರೂ ಇದರಲ್ಲಿ ಬದಲಾವಣೆ ಇಲ್ಲ.

ಖಾತೆ ಪುಸ್ತಕ ಬರೆಯುವವರು ಇದನ್ನು ಯಾವತ್ತೋ ಬಗೆಹರಿಸಿದ್ದಾರೆ. ಹೊಸ ಪುಟದ ತಲೆಯಲ್ಲಿ ಆರಂಭದ ಶಿಲ್ಕು ಅಂತ ಒಂದು ಸಾಲು ಬರೆಯುತ್ತಾರೆ. ನೀವೂ ಅದನ್ನೇ ಮಾಡಿ.

ಆರಂಭ = ವಹಿವಾಟು, ಫಿಲ್ಟರ್(ಗ್ರಾಹಕ = ಇವರು, ತಾರೀಕು < ಏಪ್ರಿಲ್ 1), ಅಗ್ರಿಗೇಟ್(ಸಮ್(ಸಹಿತ_ಮೊತ್ತ, ಡಿಫಾಲ್ಟ್ = ಡೆಸಿಮಲ್ ಸೊನ್ನೆ))

ಆಮೇಲೆ ಏಪ್ರಿಲ್ 1ರಿಂದ ಈಚಿನ ಸಾಲುಗಳಿಗೆ: ಶಿಲ್ಕು = ವ್ಯಾಲ್ಯೂ(ಆರಂಭ) + ವಿಂಡೋ(...)

ನಿಮ್ಮ ಗ್ರಾಹಕರಿಗೆ ಆರಂಭ 1,800. ವಿಂಡೋ ಕೊಡುವುದು 2,700, 3,766, 1,766, 2,299. ಕೂಡಿಸಿದರೆ 4,500, 5,566, 3,566, 4,099. ಪುಟದ ಮೇಲೆ 'ಆರಂಭದ ಶಿಲ್ಕು 1,800' ಅಂತ ತೋರಿಸಿಬಿಡಿ. ಹಾಗೆ ತೋರಿಸದಿದ್ದರೆ ಮೊದಲ ಸಾಲಿನಲ್ಲಿ 2,700ರ ಉದ್ರಿಗೆ 4,500 ಬಾಕಿ ನೋಡಿ ಗ್ರಾಹಕರು ಕೇಳಿಯೇ ಕೇಳ್ತಾರೆ.

ಸಮ್ ಒಳಗಿನ ಡಿಫಾಲ್ಟ್ ಬಿಡಬೇಡಿ. ಹೊಸ ಗ್ರಾಹಕರಿಗೆ ಹಳೆಯ ಸಾಲುಗಳೇ ಇರಲ್ಲ. ಸಾಲೇ ಇಲ್ಲದಿದ್ದರೆ ಸಮ್ ಕೊಡುವುದು ಸೊನ್ನೆ ಅಲ್ಲ, ನಲ್, ಅಂದರೆ ಯಾವ ಮೌಲ್ಯವೂ ಇಲ್ಲ ಅಂತ. ನಲ್‌ಗೆ ಏನು ಕೂಡಿಸಿದರೂ ನಲ್. ಅವರ ಶಿಲ್ಕು ಕಾಲಂ ಪೂರ್ತಿ ಖಾಲಿ ಬರುತ್ತದೆ. ಈ ಡಿಫಾಲ್ಟ್ ಸೌಲಭ್ಯ ಜ್ಯಾಂಗೊ 4.0ರಿಂದ ಇದೆ. ಅದಕ್ಕಿಂತ ಹಳೆಯದರಲ್ಲಿ ಕೋಅಲೆಸ್ (ನಲ್ ಬಂದರೆ ಅದರ ಬದಲು ಬೇರೆ ಮೌಲ್ಯ ಕೊಡುವ ಫಂಕ್ಷನ್) ಬಳಸಬೇಕು. ಡೆಸಿಮಲ್ ಮತ್ತು ಇಂಟಿಜರ್ ಬೆರೆತಿವೆ ಅಂತ ದೂರು ಬಂದರೆ ಔಟ್‌ಪುಟ್ ಫೀಲ್ಡ್ ಡೆಸಿಮಲ್‌ಫೀಲ್ಡ್ ಅಂತ ಬಿಡಿಸಿ ಹೇಳಿ.

ಕೋಡ್_ಕಟ್ಟೆ:

ಆದರೆ 4.2ರಲ್ಲಿ ವಿಂಡೋ ಮೇಲೆ ಫಿಲ್ಟರ್ ಹಾಕಲು ಬರುತ್ತದೆ ಅಂತ ರಿಲೀಸ್ ನೋಟ್ಸ್‌ನಲ್ಲಿ ಓದಿದ ನೆನಪು. ಹಾಗಿದ್ದರೆ ಆರಂಭದ ಶಿಲ್ಕು ಬೇರೆ ತೆಗೆಯುವ ಕೆಲಸ ಯಾಕೆ?

ಹೊಳೆದಂಡೆ:

ಬರುತ್ತದೆ, ನಿಜ. 2023ರ ಏಪ್ರಿಲ್‌ನಲ್ಲಿ ಬಂದ 4.2ರಿಂದ ಅದು ಇದೆ. ಅದಕ್ಕೆ ಮೊದಲು ಹಾಗೆ ಬರೆದರೆ ನೇರ ಎರರ್. ಆದರೆ ಆ ಸೌಲಭ್ಯ ವಿಂಡೋದಿಂದ ಬಂದ ಕಾಲಂ ಮೇಲಿನ ಫಿಲ್ಟರ್‌ಗೆ. ಶಿಲ್ಕು 5,000 ದಾಟಿದ ಸಾಲು ಮಾತ್ರ ತೋರಿಸು ಅಂದರೆ ಜ್ಯಾಂಗೊ ಮೊದಲು ಒಳಗಿನ ಕ್ವೆರಿಯಲ್ಲಿ ಶಿಲ್ಕು ಲೆಕ್ಕ ಹಾಕಿ, ಅದನ್ನು ಇನ್ನೊಂದು ಕ್ವೆರಿಯಲ್ಲಿ ಸುತ್ತಿ, ಹೊರಗೆ ಫಿಲ್ಟರ್ ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ 59 ಒಂದೇ ಸಿಗುತ್ತದೆ. ಉದ್ರಿ ಮಿತಿ ದಾಟಿದ್ದು ಯಾವಾಗ ಅಂತ ಹುಡುಕಲು ತುಂಬಾ ಉಪಯೋಗ.

ತಾರೀಕು ಮಾಮೂಲಿ ಕಾಲಂ. ಅದರ ಫಿಲ್ಟರ್ ಒಳಗಿನ ಕ್ವೆರಿಯ ವೇರ್‌ಗೇ ಹೋಗುತ್ತದೆ. ಹಾಗಾಗಿ 4.2ರಲ್ಲೂ ಮಾರ್ಚ್ ಸಾಲು ಹೋಗೇ ಹೋಗುತ್ತದೆ. ಎರಡನ್ನೂ ಕ್ವೆರಿ ಪ್ರಿಂಟ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿ, ವೇರ್ ಎಲ್ಲಿ ಕೂತಿದೆ ಅಂತ ಕಾಣುತ್ತದೆ.

ಪಿಎಚ್‌ಪಿ_ಗೆಳೆಯ:

ನಾನು ಲಾರವೆಲ್ (ಪಿಎಚ್‌ಪಿಯ ವೆಬ್ ಫ್ರೇಮ್‌ವರ್ಕ್) ಬಳಸುವವನು. ಹಳೆಯ ಒಂದು ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ 5.7 ಇದೆ. ಅಲ್ಲಿ ಓವರ್ ಅಂತ ಬರೆದರೆ ಸಿಂಟ್ಯಾಕ್ಸ್ ಎರರ್. ಇಲ್ಲಿಯವರೆಗೆ ವೇರಿಯಬಲ್ ಇಟ್ಟುಕೊಂಡು, ಸೆಲೆಕ್ಟ್ ಒಳಗೇ ಕೂಡಿಸುತ್ತಾ ಹೋಗುವ ಹಳೆಯ ಉಪಾಯದಲ್ಲಿ ನಡೆಸುತ್ತಿದ್ದೇವೆ. ಅದು ಸರಿಯಾ?

ಮಲ್ನಾಡ್_ಡೆವ್:

ಅದನ್ನು ಬಿಟ್ಟುಬಿಡಿ. ಒಂದೇ ಸೆಲೆಕ್ಟ್‌ನಲ್ಲಿ ವೇರಿಯಬಲ್‌ಗೆ ಮೌಲ್ಯ ಕೊಡುವುದು, ಓದುವುದು ಎರಡೂ ಇದ್ದರೆ ಯಾವುದು ಮೊದಲು ನಡೆಯುತ್ತದೆ ಅನ್ನುವುದಕ್ಕೆ ಮೈಎಸ್‌ಕ್ಯೂಎಲ್ ಭರವಸೆ ಕೊಡುವುದಿಲ್ಲ. ಹಣದ ಲೆಕ್ಕಕ್ಕೆ ಅದು ಸಾಲದು. 8.0 ಸಾಲಿನಲ್ಲಿ ಆ ಪದ್ಧತಿಯನ್ನು ಡೆಪ್ರಿಕೇಟ್ ಕೂಡ ಮಾಡಿದ್ದಾರೆ, ಅಂದರೆ ಇನ್ನು ಬಳಸಬೇಡಿ ಅಂದಿದ್ದಾರೆ.

ಮೈಎಸ್‌ಕ್ಯೂಎಲ್‌ಗೆ ವಿಂಡೋ ಫಂಕ್ಷನ್ ಬಂದದ್ದು 2018ರಲ್ಲಿ, 8.0 ಜೊತೆ. ಮರಿಯಾಡಿಬಿಗೆ 10.2ರಲ್ಲಿ. ಎಸ್‌ಕ್ಯೂಲೈಟ್‌ಗೆ 2018ರ 3.25ರಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ 2009ರ 8.4ರಿಂದಲೇ ಇದೆ. ಸರ್ವರ್ ಬದಲಿಸಲು ಆಗುವುದಾದರೆ ಬದಲಿಸಿ. ಲಾರವೆಲ್‌ನಲ್ಲಿ ಸೆಲೆಕ್ಟ್‌ರಾ ಒಳಗೆ ಹೊಳೆದಂಡೆ ಅವರು ಹೇಳಿದ ಎಸ್‌ಕ್ಯೂಎಲ್ ಹಾಗೇ ಬರೆದರಾಯಿತು. ಫ್ರೇಮ್, ಐಡಿ, ಆರಂಭದ ಶಿಲ್ಕು, ಎಲ್ಲ ಮಾತೂ ಅಲ್ಲಿಗೂ ಅನ್ವಯ.

5.7ರಲ್ಲೇ ಇರಬೇಕು ಅಂದರೆ ಆರಂಭದ ಶಿಲ್ಕು ಒಂದು ಕ್ವೆರಿಯಲ್ಲಿ ತೆಗೆದು, ಆ ಅವಧಿಯ ಸಾಲುಗಳನ್ನು ಪಿಎಚ್‌ಪಿಯಲ್ಲಿ ಕೂಡಿಸಿ. ಪ್ರತಿ ಸಾಲಿಗೂ ಹಿಂದಿನದೆಲ್ಲ ಕೂಡಿಸುವ ಸಬ್‌ಕ್ವೆರಿ ಮಾತ್ರ ಬೇಡ. 1,000 ಸಾಲಿಗೆ ಅದು ಸುಮಾರು 5 ಲಕ್ಷ ಕೂಡಿಕೆ ಆಗುತ್ತದೆ. ಸಾಲು ಎರಡರಷ್ಟಾದರೆ ಕೆಲಸ ನಾಲ್ಕರಷ್ಟು.

ಉದ್ರಿ_ಖಾತೆ:

ಆರಂಭದ ಶಿಲ್ಕು ಸೇರಿಸಿದೆ, ವರ್ಷದ ಪುಟ ಸರಿಯಾಯಿತು. ಆದರೆ ಹುಡುಕಾಟದ ಪುಟದಲ್ಲಿ ಹೊಸದೊಂದು ಶುರುವಾಗಿದೆ. ವಹಿವಾಟಿಗೆ ಬಿಲ್ ಸಾಲುಗಳು ಅಂತ ಇನ್ನೊಂದು ಟೇಬಲ್ ಇದೆ, ಯಾವ ಸಾಮಾನು ಎಷ್ಟು ಅಂತ. ಒಂದು ಕಂಪನಿಯ ಸಾಮಾನು ಇರುವ ವಹಿವಾಟು ಮಾತ್ರ ತೋರಿಸು ಅಂತ ಫಿಲ್ಟರ್ ಹಾಕಿದರೆ ಕೆಲವು ಸಾಲು ಎರಡೆರಡು ಸಲ ಬರುತ್ತವೆ, ಶಿಲ್ಕು ಉಬ್ಬಿಹೋಗುತ್ತದೆ. ಡಿಸ್ಟಿಂಕ್ಟ್ ಹಾಕಿದರೂ ಹೋಗಲಿಲ್ಲ.

ಹೊಳೆದಂಡೆ:

ಇದು ಜಾಯಿನ್‌ನಿಂದ, ಅಂದರೆ ಎರಡು ಟೇಬಲ್ ಜೋಡಿಸಿದ್ದರಿಂದ ಬಂದದ್ದು. ಒಂದು ವಹಿವಾಟಿನಲ್ಲಿ ಆ ಕಂಪನಿಯ ಎರಡು ಸಾಮಾನು ಇದ್ದರೆ ಜಾಯಿನ್ ಆದ ಮೇಲೆ ಆ ವಹಿವಾಟು ಎರಡು ಸಾಲಾಗುತ್ತದೆ. ವಿಂಡೋ ಎರಡನ್ನೂ ಕೂಡಿಸುತ್ತದೆ. ಡಿಸ್ಟಿಂಕ್ಟ್ ನಡೆಯುವುದು ವಿಂಡೋ ಆದ ಮೇಲೆ ಅಂತ ಆಗಲೇ ಹೇಳಿದೆನಲ್ಲ. ಅಷ್ಟು ಹೊತ್ತಿಗೆ ಆ ಎರಡು ಸಾಲಿನ ಶಿಲ್ಕು ಬೇರೆ ಬೇರೆ ಆಗಿರುತ್ತದೆ. ಬೇರೆ ಬೇರೆ ಇರುವ ಸಾಲನ್ನು ಡಿಸ್ಟಿಂಕ್ಟ್ ಯಾಕೆ ತೆಗೆಯಬೇಕು, ಅಲ್ವಾ?

ಜಾಯಿನ್ ಬದಲು ಎಕ್ಸಿಸ್ಟ್ಸ್ ಬಳಸಿ. ಈ ವಹಿವಾಟಿಗೆ ಅಂಥ ಬಿಲ್ ಸಾಲು ಇದೆಯೋ ಇಲ್ಲವೋ ಅಂತ ಮಾತ್ರ ಅದು ಕೇಳುತ್ತದೆ, ಸಾಲುಗಳು ಹೆಚ್ಚಾಗಲ್ಲ.

ಆದರೆ ಇಲ್ಲಿ ಇನ್ನೊಂದು ಯೋಚನೆ ಮಾಡಬೇಕು. ಎಕ್ಸಿಸ್ಟ್ಸ್ ಕೂಡ ವೇರ್‌ಗೇ ಹೋಗುತ್ತದೆ. ಉಳಿದ ಕಂಪನಿಯ ಸಾಲುಗಳು, ನಗದು ಜಮಾ ಎಲ್ಲ ಲೆಕ್ಕದಿಂದ ಹೊರಗೆ. ಆಗ ಬರುವ ಸಂಖ್ಯೆ ಗ್ರಾಹಕರ ಬಾಕಿ ಅಲ್ಲ, ಆ ಕಂಪನಿಯ ಸಾಮಾನು ಹೋದ ವಹಿವಾಟುಗಳ ಮೊತ್ತ ಮಾತ್ರ. ನಿಮಗೆ ಬೇಕಾದದ್ದು ಯಾವುದು? ಬಾಕಿಯೇ ಬೇಕು ಅಂದರೆ ಆ ಗ್ರಾಹಕರ ಎಲ್ಲ ಸಾಲಿಗೂ ಶಿಲ್ಕು ಲೆಕ್ಕ ಹಾಕಿಸಿ ತನ್ನಿ, ಆಮೇಲೆ ಪೈಥಾನ್‌ನಲ್ಲಿ ಬೇಕಾದ ಸಾಲು ಆರಿಸಿ. ಒಬ್ಬ ಗ್ರಾಹಕರದ್ದು ಕೆಲವು ನೂರು ಸಾಲು ಇದ್ದೀತು, ಅದೇನೂ ಭಾರ ಅಲ್ಲ.

ಇನ್ನೆರಡು ಮಾತು ಸೇರಿಸುತ್ತೇನೆ, ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಸಿಗಲಿ. ಉದ್ರಿಗೊಂದು, ಜಮಾಕ್ಕೊಂದು ಅಂತ ಎರಡು ಕಾಲಂ ಇಟ್ಟವರು ಸಮ್(ಉದ್ರಿ) − ಸಮ್(ಜಮಾ) ಅಂತ ಇಡೀ ಲೆಕ್ಕವನ್ನು ಒಂದೇ ವಿಂಡೋ ಒಳಗೆ ಹಾಕಲು ನೋಡುತ್ತಾರೆ. ಇದು ಓವರ್ ಜೊತೆ ಹೊಂದಲ್ಲ ಅಂತ ಜ್ಯಾಂಗೊ ಎರರ್ ಕೊಡುತ್ತದೆ. ಕಳೆಯುವುದು ಸಮ್ ಒಳಗೆ ಇರಲಿ: ಸಮ್(ಉದ್ರಿ − ಜಮಾ). ಕೋಅಲೆಸ್ ಕೂಡ ವಿಂಡೋ ಹೊರಗಿರಬೇಕು ಅಥವಾ ಸಮ್ ಒಳಗಿರಬೇಕು, ವಿಂಡೋಗೂ ಸಮ್‌ಗೂ ನಡುವೆ ಬೇಡ. ಆ ಎರಡು ಕಾಲಂನಲ್ಲಿ ಖಾಲಿ ಬಿಡಲು ಅವಕಾಶ ಇದ್ದರೆ ಒಳಗೆ ಕೋಅಲೆಸ್ ಬೇಕೇ ಬೇಕು. 2,700 ಕಳೆ ನಲ್ ಅಂದರೆ ನಲ್. ಆ ಸಾಲನ್ನು ಸಮ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಎರರ್ ಬರಲ್ಲ, ಲೆಕ್ಕ ಮಾತ್ರ ತಪ್ಪು.

ಇನ್ನೊಂದು, ಪೈಸೆ ಲೆಕ್ಕವನ್ನು ಪೋಸ್ಟ್‌ಗ್ರೆಸ್‌ನಲ್ಲೇ ಪರೀಕ್ಷೆ ಮಾಡಿ. ಎಸ್‌ಕ್ಯೂಲೈಟ್‌ಗೆ ನಿಜವಾದ ಡೆಸಿಮಲ್ ಬಗೆ ಇಲ್ಲ, ದಶಮಾಂಶವನ್ನು ಫ್ಲೋಟಿಂಗ್ ಪಾಯಿಂಟ್ ಆಗಿ ಇಡುತ್ತದೆ. ಬಾಕಿ ಪೂರ್ತಿ ತೀರಿದ ಖಾತೆಯಲ್ಲೂ ಸರಿಯಾಗಿ ಸೊನ್ನೆ ಬರದೇ ಇರಬಹುದು.

ಕೋಡ್_ಕಟ್ಟೆ:

ಇಷ್ಟೆಲ್ಲ ತಾಪತ್ರಯ ಯಾಕೆ? ವಹಿವಾಟು ಸೇವ್ ಮಾಡುವಾಗಲೇ ಶಿಲ್ಕು ಕಾಲಂನಲ್ಲಿ ಬರೆದಿಟ್ಟರೆ ಓದುವಾಗ ಯಾವ ವಿಂಡೋನೂ ಬೇಡ.

ಲೆಕ್ಕಪತ್ರ:

ನಾನು ಕೋಡ್ ಬರೆಯುವವಳಲ್ಲ, ಅಂಗಡಿ, ಸಂಘಗಳ ಲೆಕ್ಕ ನೋಡುವವಳು. ಬರೆದಿಡುವ ಮಾತಿಗೆ ನನ್ನ ಅನುಭವದಿಂದ ಹೇಳುತ್ತೇನೆ. ಹಿಂದಿನ ತಾರೀಕಿನ ಬಿಲ್ ಬಂದೇ ಬರುತ್ತದೆ. ಹುಡುಗ ತೋಟಕ್ಕೆ ಚೀಲ ಇಳಿಸಿ ಬಂದು ನಾಲ್ಕು ದಿನ ಬಿಟ್ಟು ಚೀಟಿ ಕೊಡುತ್ತಾನೆ. ಜೂನ್ 4ರ ಚೀಟಿ ಜೂನ್ 10ಕ್ಕೆ ಕೈಗೆ ಬಂದರೆ ಜೂನ್ 4ರ ನಂತರದ ಪ್ರತಿ ಸಾಲಿನ ಶಿಲ್ಕು ತಿದ್ದಬೇಕು. ಪುಸ್ತಕದಲ್ಲಾದರೆ ನಾವು ಚೀಟಿ ಬಂದ ದಿನವೇ ಬರೆದು, ವಿವರದಲ್ಲಿ ಹಳೆಯ ತಾರೀಕು ಹಾಕುತ್ತೇವೆ. ನಿಮ್ಮ ಆ್ಯಪ್‌ನಲ್ಲಿ ಏನು ಮಾಡುತ್ತೀರಿ ಅಂತ ಮೊದಲೇ ತೀರ್ಮಾನ ಆಗಬೇಕು.

ಮಾರ್ಚ್ 31ಕ್ಕೆ ಮಾತ್ರ ಶಿಲ್ಕು ಬರೆದಿಡುವುದು ಬೇಕು. ವರ್ಷದ ಲೆಕ್ಕ ಮುಗಿಸಿ ಗ್ರಾಹಕರಿಗೆ ಹೇಳಿ ಒಪ್ಪಿಸಿದ ಮೇಲೆ ಆ ಸಂಖ್ಯೆ ಕದಲಬಾರದು.

ಹೊಳೆದಂಡೆ:

ಲೆಕ್ಕಪತ್ರ ಅವರು ಹೇಳಿದ್ದು ಕೋಡ್‌ಗೂ ಹಾಗೇ ಹೊಂದುತ್ತದೆ. ಪ್ರತಿ ಸಾಲಿನಲ್ಲಿ ಶಿಲ್ಕು ಬರೆದಿಟ್ಟರೆ ಒಂದು ಹಳೆಯ ಚೀಟಿಗೆ ನೂರು ಸಾಲು ತಿದ್ದಬೇಕು. ಆ ತಿದ್ದುಪಡಿಯನ್ನು ವಿಂಡೋ ಹಾಕಿ ಒಂದೇ ಅಪ್‌ಡೇಟ್‌ನಲ್ಲಿ ಮಾಡೋಣ ಅಂದರೆ ಜ್ಯಾಂಗೊ ಬಿಡುವುದಿಲ್ಲ, ಅಪ್‌ಡೇಟ್ ಒಳಗೆ ವಿಂಡೋಗೆ ಅವಕಾಶವಿಲ್ಲ. ಅದರ ಮೇಲೆ ಎರಡು ಕೌಂಟರ್‌ನಿಂದ ಒಟ್ಟಿಗೆ ಬಿಲ್ ಬಂದರೆ ಇಬ್ಬರೂ ಹಳೆಯ ಶಿಲ್ಕನ್ನೇ ಓದಿ ಅದರ ಮೇಲೆ ಬರೆಯಬಹುದು. ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಗ್ರಾಹಕರ ಸಾಲನ್ನು ಲಾಕ್ ಮಾಡಬೇಕಾಗುತ್ತದೆ. ಬ್ಯಾಂಕಿನಂಥ ದೊಡ್ಡ ವ್ಯವಸ್ಥೆಗೆ ಅದೆಲ್ಲ ಬೇಕಾದೀತು. ಇಲ್ಲಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೂಲ ಸಾಲುಗಳು ಸತ್ಯ, ಶಿಲ್ಕು ಅವುಗಳಿಂದ ಬರಲಿ.

ವರ್ಷಾಂತ್ಯಕ್ಕೆ ಬೇರೆ ಟೇಬಲ್ ಮಾಡಿ: ಗ್ರಾಹಕ, ವರ್ಷ, ಅಖೈರು ಶಿಲ್ಕು. ಆರಂಭದ ಶಿಲ್ಕು ತೆಗೆಯುವಾಗ ಹತ್ತು ವರ್ಷದ ಸಾಲು ಕೂಡಿಸುವ ಬದಲು ಹಿಂದಿನ ಮಾರ್ಚ್ 31ರದ್ದನ್ನು ಓದಿ. ಮುಗಿದ ವರ್ಷದ ತಾರೀಕಿಗೆ ಹೊಸ ವಹಿವಾಟು ಸೇವ್ ಆಗದಂತೆ ಮಾಡೆಲ್‌ನ ಕ್ಲೀನ್ ಎಂಬ ಪರಿಶೀಲನೆ ಮೆಥಡ್‌ನಲ್ಲಿ ತಡೆಯಿರಿ. ಫಾರ್ಮ್ ಇಲ್ಲದೆ ನೇರ ಸೇವ್ ಕರೆದರೆ ಆ ಕ್ಲೀನ್ ತಾನಾಗೇ ನಡೆಯಲ್ಲ, ಒಟ್ಟಿಗೆ ಹಲವು ಸಾಲು ಸೇರಿಸುವ ಬಲ್ಕ್ ಕ್ರಿಯೇಟ್ ಕೂಡ ಅದರ ಮೂಲಕ ಹೋಗಲ್ಲ ಅನ್ನೋದು ಗಮನದಲ್ಲಿರಲಿ.

ಗ್ರಾಹಕ, ತಾರೀಕು, ಐಡಿ ಈ ಮೂರಕ್ಕೂ ಸೇರಿ ಒಂದು ಇಂಡೆಕ್ಸ್ ಕೊಡಿ, ಇದೇ ಕ್ರಮದಲ್ಲಿ. ಆಮೇಲೆ ಕ್ವೆರಿಸೆಟ್ ಮೇಲೆ ಎಕ್ಸ್‌ಪ್ಲೇನ್ (ಕ್ವೆರಿ ನಡೆಯುವ ಹಂತಗಳನ್ನು ತೋರಿಸುವುದು) ಕರೆದು ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ವಿಂಡೋಆ್ಯಗ್ ಅಂತ ಒಂದು ಹಂತ ಕಾಣುತ್ತದೆ. ಅದರ ಕೆಳಗೆ ಸಾರ್ಟ್ ಇದ್ದರೆ ಪ್ರತಿ ಸಲವೂ ಜೋಡಿಸಿಕೊಳ್ಳುತ್ತಿದೆ ಅಂತ ಅರ್ಥ. ಇಂಡೆಕ್ಸ್ ಸ್ಕ್ಯಾನ್ ಇದ್ದರೆ ಜೋಡಿಸಿದ್ದೇ ಸಿಗುತ್ತಿದೆ. ಸಾಲು ಕಡಿಮೆ ಇದ್ದಾಗ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಬಿಟ್ಟು ಸಾರ್ಟ್ ಮಾಡುವುದೂ ಉಂಟು, ಅದಕ್ಕೆ ಗಾಬರಿ ಬೇಡ.

ಉದ್ರಿ_ಖಾತೆ:

ಎಲ್ಲ ಹಾಕಿದೆ. ಇಂಡೆಕ್ಸ್ ಕೂಡ. ಜೂನ್ 6ರ ಮೂರು ಸಾಲಿಗೂ ಒಂದು ಟೆಸ್ಟ್ ಬರೆದೆ: ಒಂದೇ ತಾರೀಕು, ಎರಡು ಉದ್ರಿ, ಒಂದು ಜಮಾ, ಜೊತೆಗೆ ಹಿಂದಿನ ವರ್ಷದ ಒಂದು ಸಾಲು. ಲ್ಯಾಪ್‌ಟಾಪ್‌ನಲ್ಲೂ ಪೋಸ್ಟ್‌ಗ್ರೆಸ್ ಹಾಕಿಕೊಂಡೆ.

ಕೊನೆಯ ಪ್ರಶ್ನೆ. ಲೆಕ್ಕಪತ್ರ ಮೇಡಂ ಹೇಳಿದ ಹಳೆಯ ಚೀಟಿಯನ್ನು ಮನೆಯವರು ಅದರದೇ ತಾರೀಕಿಗೆ ಹಾಕಬೇಕು ಅನ್ನುತ್ತಾರೆ. ಬೆಳಿಗ್ಗೆ ಕೊಟ್ಟ ನಗದನ್ನು ರಾತ್ರಿ ಬರೆಯುವುದೂ ಇದೆ. ಐಡಿ ಕ್ರಮ ಹಿಡಿದರೆ ಆ ದಿನದೊಳಗೆ ಅದು ಕೊನೆಗೆ ಹೋಗುತ್ತದೆ. ನಡುವಿನ ಸಾಲಿನಲ್ಲಿ ಬಾಕಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ.

ಹೊಳೆದಂಡೆ:

ಹಾಗಾದರೆ ಐಡಿಯನ್ನು ಕ್ರಮಕ್ಕೆ ನಂಬಬೇಡಿ. ದಿನದೊಳಗಿನ ಕ್ರಮಕ್ಕೆ 'ಸರತಿ' ಅಂತ ಒಂದು ಇಂಟಿಜರ್ ಕಾಲಂ ಇಡಿ. ಸೇವ್ ಮಾಡುವಾಗ ಆ ದಿನದ ಕೊನೆಯ ಸರತಿಗೆ 10 ಕೂಡಿಸಿ ತಾನಾಗೇ ಬರಲಿ. ನಡುವೆ ಸೇರಿಸಬೇಕಾದಾಗ ಕೈಯಿಂದ 15 ಅಂತ ಕೊಡಬಹುದು. ವಿಂಡೋ ಕ್ರಮ ತಾರೀಕು, ಸರತಿ, ಐಡಿ. ಐಡಿ ಕೊನೆಯಲ್ಲಿ ಇರಲೇಬೇಕು, ಎರಡು ಸಾಲಿಗೆ ಒಂದೇ ಸರತಿ ಬಿದ್ದರೆ ಅದೇ ಬಿಡಿಸಬೇಕು. ಇಂಡೆಕ್ಸ್‌ನಲ್ಲೂ, ಹೊರಗಿನ ಆರ್ಡರ್ ಬೈನಲ್ಲೂ ಸರತಿ ಸೇರಿಸಿ.

ಹಳೆಯ ಚೀಟಿಗೆ ಅದರ ತಾರೀಕನ್ನೇ ಕೊಡಿ, ಜೊತೆಗೆ ಬರೆದ ದಿನವನ್ನು ಬೇರೆ ಕಾಲಂನಲ್ಲಿ ಇಡಿ. ಜೂನ್ 6ರಂದು 3,566 ಅಂತ ಹೇಳಿದ್ದಿರಿ, ಈಗ ಬೇರೆ ತೋರಿಸುತ್ತಿದೆ ಅಂತ ಗ್ರಾಹಕರು ಬಂದು ಕೇಳಿದರೆ, ಆಮೇಲೆ ಸೇರಿದ ಸಾಲು ಯಾವುದು ಅಂತ ಆ ಕಾಲಂ ನೋಡಿ ತೋರಿಸಬಹುದು.